ಪರೀಕ್ಷಾ ಪೈಲಟ್ ಸುರಂಜನ್ ದಾಸ್

ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆ ಅಂತ ಒಂದು ರಸ್ತೆ ಇದೆ. ಹೆಸರು ಕೇಳಿ, ಪುರಂದರದಾಸರ ಹಾಗೆ ಇವರೂ ಕೀರ್ತನೆ ಬರೆದ ದಾಸರಿರಬೇಕು ಅಂತ ತಿಳಿದಿದ್ದೆ. ಅಲ್ಲವಂತೆ. ಇವರು ವಿಮಾನ ಹಾರಿಸುತ್ತಿದ್ದವರು. ಅದೂ ಯಾರೂ ಒಮ್ಮೆಯೂ ಹಾರಿಸದ ಹೊಚ್ಚಹೊಸ ವಿಮಾನಗಳನ್ನು!

ಸುರಂಜನ್ ದಾಸ್ ಅವರು 1920ರಲ್ಲಿ ಜನಿಸಿದರು. ವಾಯುಸೇನೆ ಸೇರಿದರು. ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದರು. ಹೊಸ ವಿಮಾನವನ್ನು ಹಾರಿಸಿ ಅದರಲ್ಲಿ ಏನು ತಪ್ಪಿದೆ ಅಂತ ಹೇಳುವವರೇ ಪರೀಕ್ಷಾ ಪೈಲಟ್. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಅವರಿಗೆ ಈ ಕೆಲಸ.

ಆಗ ಅಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬುವರು ನಮ್ಮ ದೇಶಕ್ಕಾಗಿ ಮಾರುತ ಎಂಬ ಯುದ್ಧವಿಮಾನದ ನಕ್ಷೆ ಮಾಡುತ್ತಿದ್ದರು. ನಿಜವಾದ ವಿಮಾನ ಮಾಡುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. ಅದಕ್ಕೆ ಎಂಜಿನ್ ಇಲ್ಲ. ಡಕೋಟ ವಿಮಾನ ಅದನ್ನು ಎಳೆದುಕೊಂಡು ಮೇಲೆ ಹೋಗಿ ಬಿಟ್ಟುಬಿಡುತ್ತಿತ್ತು. 1959ರಲ್ಲಿ ಈ ಹಾರಾಟ ಶುರುವಾಯಿತು. ಒಂದು ಸಲ ಇಳಿಯುವಾಗ ಚಕ್ರದ ಒಂದು ಕಾಲು ಹೊರಗೆ ಬರಲೇ ಇಲ್ಲ. ಎಂಜಿನ್ ಇದ್ದರೆ ಪೈಲಟ್ ಇನ್ನೊಂದು ಸುತ್ತು ಹೊಡೆದು ಮತ್ತೆ ಪ್ರಯತ್ನ ಮಾಡಬಹುದು. ಗ್ಲೈಡರಿಗೆ ಅದಾಗುವುದಿಲ್ಲ, ಇಳಿಯಲೇಬೇಕು. ನಮ್ಮೂರ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್ ಬಿಟ್ಟವರಿಗೆ ಇದು ಸ್ವಲ್ಪ ಅರ್ಥವಾದೀತು. ಗ್ಲೈಡರಿಗೆ ತುಂಬಾ ಪೆಟ್ಟಾಯಿತು.

ಇಷ್ಟಾದರೂ ಕೆಲಸ ನಿಲ್ಲಲಿಲ್ಲ. ಅದೇ ಆಕಾರದ ನಿಜವಾದ ಮಾರುತ ತಯಾರಾಯಿತು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ದಾಸ್ ಅವರೇ. ಚಕ್ರ ಕೈ ಕೊಟ್ಟ ಸುದ್ದಿ ಗೊತ್ತಿದ್ದೂ ಹೇಗೆ ಹತ್ತಿ ಕೂತರೋ! ನನಗಂತೂ ಜೋಕಾಲಿ ಹತ್ತಲೂ ಹೆದರಿಕೆ.

ಮಾರುತ ಚೆನ್ನಾಗಿ ಹಾರಿತು. ಆದರೆ ಎಂಜಿನ್ನಿನ ಬಲ ಸಾಲಲಿಲ್ಲ. ಹೆಚ್ಚು ಬಲ ಬರುವ ಹಾಗೆ ಬದಲಾಯಿಸಿದ ಮಾರುತವನ್ನು ದಾಸ್ ಅವರು ಪರೀಕ್ಷೆ ಮಾಡುತ್ತಿದ್ದರು. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಆ ವಿಮಾನ ಬಿದ್ದು ಅವರು ತೀರಿಕೊಂಡರು. ಐವತ್ತು ತುಂಬಲು ಇನ್ನೊಂದೂವರೆ ತಿಂಗಳಷ್ಟೇ ಇತ್ತು. ಅದೇ ವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು.

1971ರ ಡಿಸೆಂಬರ್ ಯುದ್ಧದಲ್ಲಿ ಮಾರುತ ವಿಮಾನಗಳು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಅದನ್ನು ನೋಡಲು ದಾಸ್ ಅವರು ಇರಲಿಲ್ಲ. ಅವರ ಹೆಸರಿನ ರಸ್ತೆ ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರಸ್ತೆಗೇ ಹೋಗಿ ಸೇರುತ್ತದೆ.