ಮಾಳದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿ

ಪುಣೆಯಿಂದ ಸೊಲ್ಲಾಪುರ, ಕಲಬುರಗಿಗಳ ಕಡೆಗೆ ಹೊರಡುವ ರೈಲುಗಳಲ್ಲಿ ನಮ್ಮ ಕನ್ನಡ ಬಂಧುಗಳು ಪ್ರಯಾಣ ಮಾಡುತ್ತಲೇ ಇರುತ್ತಾರೆ. ಹಬ್ಬಕ್ಕೆ, ಮದುವೆಗೆ, ಊರಿನ ಜಾತ್ರೆಗೆ ನಾವೂ ಅದೇ ಹಳಿಯ ಮೇಲೆ ವರ್ಷಗಟ್ಟಲೆ ಓಡಾಡಿದ್ದೇವೆ. ದೌಂಡ್ ಬರುವುದಕ್ಕೆ ಮುನ್ನ ಕೇಡಗಾಂವ ಎಂಬ ಚಿಕ್ಕ ನಿಲ್ದಾಣವೊಂದು ಸರಿದುಹೋಗುತ್ತದೆ. ದೊಡ್ಡ ಗಾಡಿಗಳು ಅಲ್ಲಿ ನಿಲ್ಲದಿರುವುದರಿಂದ ನಾವು ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿ ಅದನ್ನು ಗಮನಿಸುವುದೂ ಇಲ್ಲ. ನಮ್ಮ ಕಾರ್ಕಳ ತಾಲೂಕಿನ ಮಾಳ ಗ್ರಾಮದ ಮನೆತನದ ಹೆಣ್ಣುಮಗಳೊಬ್ಬಳು ಹೀಬ್ರೂ ಮತ್ತು ಗ್ರೀಕ್ ಕಲಿತು, ಬೈಬಲ್ಲನ್ನು ಮೂಲದಿಂದ ಮರಾಠಿಗೆ ತಂದು, ಅಲ್ಲಿಯೇ ಅಚ್ಚುಹಾಕಿಸಿದ ಊರು ಅದು ಎಂಬುದು ನಮಗೆ ತಿಳಿದದ್ದು ಪುಣೆಗೆ ಬಂದು ಬಹುಕಾಲ ಕಳೆದ ಮೇಲೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು. ತರುಣರಾಗಿದ್ದಾಗ ಅವರು ಪುಣೆಯಲ್ಲಿ ರಾಮಚಂದ್ರಶಾಸ್ತ್ರಿ ಸಾಠೆಯವರಲ್ಲಿ ಸಂಸ್ಕೃತ ಕಲಿತರು. ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೂ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬರು ಸಂಸ್ಕೃತ ಶ್ಲೋಕಗಳನ್ನು ಓದುವುದನ್ನು ಕಂಡ ಆ ಶಿಷ್ಯನ ಮನಸ್ಸಿನಲ್ಲಿ ತನ್ನ ಹೆಂಡತಿಗೂ ಕಲಿಸಬೇಕೆಂಬ ಆಸೆ ಬೇರೂರಿತು. ಮೊದಲ ಪತ್ನಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ಗೋದಾವರಿ ತೀರದಲ್ಲಿ ತೀರ್ಥಯಾತ್ರೆಗೆ ಬಂದಿದ್ದ ಕುಟುಂಬವೊಂದರಿಂದ ಲಕ್ಷ್ಮೀಬಾಯಿಯನ್ನು ವರಿಸಿದರು. ವರನಿಗೆ ನಲವತ್ತು ದಾಟಿತ್ತು, ವಧುವಿಗೆ ಒಂಬತ್ತು. ಕಾಲ ಅಂಥದ್ದು. ಆ ಬಾಲಿಕೆಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸಲು ತೊಡಗಿದಾಗ ಊರು ಸುಮ್ಮನಿರಲಿಲ್ಲ. ಉಡುಪಿಯ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ನಿಷಿದ್ಧವಲ್ಲವೆಂದು ಶಾಸ್ತ್ರಾಧಾರಗಳಿಂದ ವಾದಿಸಬೇಕಾಯಿತು. ಬಳಿಕ ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ತುಂಗಾ, ಭದ್ರಾ, ನೇತ್ರಾವತಿಗಳ ಆ ಉಗಮಸ್ಥಾನದಲ್ಲಿ.

ಇಲ್ಲೊಂದು ಮಾತನ್ನು ನೆನೆಯಬೇಕು. ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1847ರಲ್ಲೇ ಕ್ರೈಸ್ತ ಬೋಧಕರನ್ನು ತರಬೇತುಗೊಳಿಸುವ ಶಾಲೆಯನ್ನು ಆರಂಭಿಸಿದ್ದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲೇ ಬಂದಿತ್ತು. ಇವಾವುದರ ಗಾಳಿಯೂ ಗಂಗಾಮೂಲಕ್ಕೆ ತಾಗಿರಲಿಲ್ಲ.

ಮಗು ಆರು ತಿಂಗಳದ್ದಿರುವಾಗ ಕುಟುಂಬ ಆಶ್ರಮ ಬಿಟ್ಟು ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಊರೂರು ಅಲೆದು ಪುರಾಣ ಓದುವುದೇ ಜೀವನ. ತಾಯಿ ಲಕ್ಷ್ಮೀಬಾಯಿ ಮುಂಜಾವದಲ್ಲಿ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹನ್ನೆರಡರ ಪ್ರಾಯಕ್ಕೆ ಕಂಠಸ್ಥವಾಗಿದ್ದವೆಂದು ಹೇಳುತ್ತಾರೆ. ಮರಾಠಿ ಮನೆಯ ಮಾತು. ಕನ್ನಡ, ಹಿಂದುಸ್ತಾನಿ, ಬಂಗಾಳಿಗಳು ನಡೆದ ದಾರಿಯಲ್ಲಿ ಸಿಕ್ಕವು. ಆದರೆ ಇಷ್ಟೆಲ್ಲ ಕಲಿಸಿದ ತಂದೆಯೂ ಮಗಳಿಗೆ ವೇದವನ್ನು ಕಲಿಸಲಿಲ್ಲ. ಉಡುಪಿಯ ಸಭೆಯಲ್ಲಿ ವಾದಿಸಿದವರ ಧೈರ್ಯವೂ ಆ ಗೆರೆಯ ಬಳಿ ನಿಂತಿತ್ತು.

1870ರ ದಶಕದ ಹಸಿವಿನ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಬರಿಗಾಲಿನಲ್ಲಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆಗೆ ಬಂದಾಗ ಆಕೆಗೆ ಇಪ್ಪತ್ತು ವರ್ಷ. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಅದೇ ನಗರದಲ್ಲಿ ಕೆಲವು ಕ್ರೈಸ್ತರು ಅಣ್ಣ-ತಂಗಿಯರನ್ನು ತಮ್ಮ ಕೂಟಕ್ಕೆ ಕರೆದಿದ್ದರು. ಕುರ್ಚಿಗಳ ಮುಂದೆ ಮೊಣಕಾಲೂರಿ ಪ್ರಾರ್ಥಿಸುವ ಜನರನ್ನು ಕಂಡು, ಇವರು ಕುರ್ಚಿಗಳಿಗೇ ನಮಸ್ಕರಿಸುತ್ತಾರೇನೋ ಎಂದು ಇಬ್ಬರೂ ಬೆರಗಾದರಂತೆ. ಅಲ್ಲಿ ಕೈಗೆ ಬಂದ ಸಂಸ್ಕೃತ ಬೈಬಲ್ಲಿನ ಭಾಷೆ ಆಗ ಹಿಡಿಸಲಿಲ್ಲ. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟು ಓದಲು ಹೇಳಿದರು. ಹೆಂಗಸಿಗೆ ಸಲ್ಲದೆಂದು ನಂಬಿದ್ದ ಗ್ರಂಥ ಅದು, ಹಿಂಜರಿಯುತ್ತಲೇ ತೆರೆದರು.

1880ರಲ್ಲಿ ಅಣ್ಣನೂ ಹೋದನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರೊಡನೆ ಜಾತಿಯ ಗೋಡೆ ದಾಟಿ ವಿವಾಹವಾಯಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು; 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಗಂಡನ ಪುಸ್ತಕಗಳ ನಡುವೆ ರಮಾಬಾಯಿಯವರಿಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿದ್ದು ಈ ಅಲ್ಪ ದಾಂಪತ್ಯದ ಕಾಲದಲ್ಲಿ. ಸಿಲ್ಚಾರಿನ ಬ್ಯಾಪ್ಟಿಸ್ಟ್ ಪಾದ್ರಿ ಐಸಾಕ್ ಅಲೆನ್ ಬೈಬಲ್ಲಿನ ಮೊದಲ ಅಧ್ಯಾಯಗಳನ್ನು ವಿವರಿಸಿದರು.

ಇಪ್ಪತ್ನಾಲ್ಕರ ವಿಧವೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ತಂದೆಯ ವಿದ್ಯೆಯ ಊರಾದ ಪುಣೆಗೆ ಬಂದರು. 1882ರ ಜೂನ್‌ನಲ್ಲಿ ಇಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು. 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಪುಸ್ತಕ ಬರೆದು, ಅದರ ಮಾರಾಟದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯಶಾಸ್ತ್ರ ಓದುವ ಹಂಬಲವಿತ್ತು. ಕಿವಿ ಮಂದವಾಗತೊಡಗಿದ್ದರಿಂದ ಅದು ಸಾಗಲಿಲ್ಲ. ವಾಂಟೇಜ್ ಎಂಬ ಊರಿನ ಸಂತ ಮೇರಿ ಕನ್ಯಾಮಠದಲ್ಲಿ ನೆಲೆಸಿ, ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಪುಣೆ ಕೆರಳಿತು. ಆಕೆಯನ್ನು ಹೊತ್ತು ಮೆರೆಸಿದವರೇ ಮುಖ ತಿರುಗಿಸಿದರು.

ಆದರೆ ಮಠದವರಿಗೂ ಈ ಶಿಷ್ಯೆ ಸುಲಭವಾಗಿ ದಕ್ಕಲಿಲ್ಲ. ರಮಾಬಾಯಿ ಎಲ್ಲವನ್ನೂ ಸ್ವತಃ ಓದಿ, ತೂಗಿ ನೋಡುವವರು. ತ್ರಿಯೇಕತ್ವದ ಸಿದ್ಧಾಂತದ ಬಗ್ಗೆ, ಸಭೆಯ ಪರಂಪರಾಗತ ವಿಶ್ವಾಸಪ್ರಮಾಣಗಳ ಬಗ್ಗೆ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ಪತ್ರಗಳಲ್ಲಿ ದೀರ್ಘ ವಾಗ್ವಾದ ನಡೆಯಿತು. ಪುರೋಹಿತರ ಹಿಡಿತದಿಂದ ಬಹು ಕಷ್ಟಪಟ್ಟು ಬಿಡಿಸಿಕೊಂಡು ಬಂದ ತಾನು ಇನ್ನೊಬ್ಬರ ಮಾತನ್ನೇ ದೇವರ ಮಾತೆಂದು ಒಪ್ಪಲಾರೆ ಎಂಬುದು ಆಕೆಯ ನಿಲುವಿನ ಸಾರ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿ ಓದುತ್ತ, ಸಂಸ್ಕೃತ ಹೇಳಿಕೊಡುತ್ತ ಇದ್ದಾಗ, ಭಾರತೀಯ ಮಹಿಳೆ ಗಂಡಸರಿಗೆ ಪಾಠ ಹೇಳುವುದು ಉಚಿತವಲ್ಲವೆಂದು ಭಾರತದ ಬಿಷಪ್ಪರೇ ಅಡ್ಡಿ ಮಾಡಿದರು! ಶಾಸ್ತ್ರಿಗಳ ಸಭೆ ಉಡುಪಿಯಲ್ಲಿ ಮಾತ್ರವೇ ಇರುವುದಿಲ್ಲವಷ್ಟೆ.

1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದವರು ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂಚರಿಸಿದರು. ಬಾಸ್ಟನ್ನಿನಲ್ಲಿ ಹುಟ್ಟಿಕೊಂಡ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷಗಳ ನೆರವಿನ ಭರವಸೆ ಕೊಟ್ಟಿತು; ಶಾಲೆಯಲ್ಲಿ ಮತಬೋಧನೆ ಕೂಡದು ಎಂಬುದು ಒಪ್ಪಂದ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂತು. ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋದೂಬಾಯಿ ಇಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು. ರಾನಡೆ, ಭಂಡಾರಕರ್ ಅವರಂಥವರು ಸಲಹಾ ಸಮಿತಿಯಲ್ಲಿದ್ದರು.

ರಮಾಬಾಯಿ ಶಾಲೆಯಲ್ಲಿ ಬೋಧಿಸಲಿಲ್ಲ. ಆದರೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚಲೂ ಇಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು. 'ಕೇಸರಿ' ಪತ್ರಿಕೆ ಗುಡುಗಿತು. 1893ರಲ್ಲಿ ರಾನಡೆ, ಭಂಡಾರಕರರು ಸಮಿತಿಯಿಂದ ಹೊರಬಂದರು, ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ಪ್ರಸಂಗದಲ್ಲಿ ತಪ್ಪು ಯಾರದೆಂದು ಇಂದಿಗೂ ವಾದವಿದೆ. ಬ್ಯಾಂಕಿನಲ್ಲಿ ಕರಾರುಪತ್ರಗಳ ನಡುವೆ ಆಯುಷ್ಯ ಕಳೆದ ನಮಗೆ, ಹೆತ್ತವರ ಅಂಜಿಕೆಯನ್ನು ಅಲ್ಲಗಳೆಯಲಾಗದು ಎನಿಸುತ್ತದೆ: ಅಕ್ಷರಶಃ ಮುರಿಯದಿದ್ದರೂ ಒಪ್ಪಂದದ ಆಶಯ ಸಡಿಲವಾಗಿತ್ತು. ಹಾಗೆಂದು ತನ್ನ ಮನೆಯಲ್ಲಿ ತನ್ನ ದೇವರನ್ನು ಕರೆಯಲು ಕದ ಮುಚ್ಚಿಕೊಳ್ಳೆಂದು ಆಕೆಗೆ ಹೇಳುವ ಬಾಯಿಯೂ ನಮಗಿಲ್ಲ.

ಅಸಲಿಗೆ ದೀಕ್ಷೆ ಪಡೆದು ಎಂಟು ವರ್ಷಗಳಾದ ಮೇಲೆ, 1891ರ ಹೊತ್ತಿಗೆ, ತಮಗೆ ಕ್ರೈಸ್ತಮತ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲವೆಂದು ರಮಾಬಾಯಿಯವರಿಗೇ ಅನಿಸಿತ್ತು. ಅಂದಿನಿಂದ ಬೈಬಲ್ ಅಧ್ಯಯನ ಅವರ ದಿನಚರಿಯ ನಡುಗಂಬವಾಯಿತು.

ಕೇಡಗಾಂವದಲ್ಲಿ ಕೊಂಡಿದ್ದ ಸುಮಾರು ನೂರು ಎಕರೆ ಭೂಮಿ, 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ಅವರು ಕರೆತಂದ ಸುಮಾರು 300 ಹೆಣ್ಣುಮಕ್ಕಳಿಗೆ ಆಸರೆಯಾಯಿತು. ಅದೇ 'ಮುಕ್ತಿ'. 1900ರ ಗುಜರಾತದ ಬರದ ನಂತರ ಅಲ್ಲಿಯ ಸಂಖ್ಯೆ ಎರಡು ಸಾವಿರದ ಸನಿಹಕ್ಕೆ ಹೋಯಿತು. ನೇಯ್ಗೆ, ಗಾಣ, ಹೈನು, ಬೇಸಾಯ, ಅಂಧರಿಗೆ ಬ್ರೈಲ್ — ಎಲ್ಲವೂ ಹೆಂಗಸರ ಕೈಯಲ್ಲೇ. ಮಿನ್ನಿ ಏಬ್ರಮ್ಸ್ ಎಂಬ ಅಮೆರಿಕನ್ ಮೆಥೊಡಿಸ್ಟ್ ಸೇವಕಿ ಜತೆಗೂಡಿ, ಆಯ್ದ ತರುಣಿಯರಿಗೆ ಬೈಬಲ್ ಪಾಠ ಹೇಳಿ ಬೋಧಕಿಯರನ್ನಾಗಿ ಸಿದ್ಧಗೊಳಿಸತೊಡಗಿದರು. 1905ರಲ್ಲಿ ಹಳ್ಳಿಗಳಿಗೆ ಹೋಗಿ ಬೋಧಿಸಲು ಯಾರು ಸಿದ್ಧರೆಂದು ರಮಾಬಾಯಿ ಕೇಳಿದಾಗ ಸುಮಾರು ಮೂವತ್ತು ಮಂದಿ ಎದ್ದು ನಿಂತರು. ಕೆಲವು ವರ್ಷಗಳ ಹಿಂದೆ ಹಸಿವಿನಿಂದ ರಸ್ತೆಬದಿಯಲ್ಲಿ ಬಿದ್ದಿದ್ದ ಮಕ್ಕಳು ಇವರಲ್ಲೂ ಇದ್ದರು. ದೇವಜ್ಞಾನದ ತರಬೇತಿಗೆಂದು ಇಂದು ಪುಣೆಗೆ ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಕ್ಯಾಂಡಿಯಿಂದ ಇಲ್ಲಿಗೆ ಬಂದ ಪೇಪಲ್ ಸೆಮಿನರಿ, 1983ರಲ್ಲಿ ಯವತಮಾಳದಿಂದ ಬಿಬವೇವಾಡಿಗೆ ಬಂದ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಪ್ರಸಿದ್ಧವಾಗಿವೆ. ಇವೆರಡೂ ಇಲ್ಲಿಗೆ ಬರುವ ದಶಕಗಳ ಮುನ್ನವೇ ಕೇಡಗಾಂವದ ಪಾಠ ನಡೆದಿತ್ತು.

ಆ ಬೋಧಕಿಯರ ಕೈಗೆ ಕೊಡಬೇಕಾದ ಪುಸ್ತಕವೇ ಸಮಸ್ಯೆಯಾಯಿತು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ ಸಂಸ್ಕೃತ ಪದಗಳಿಂದ ತುಂಬಿ ಹಳ್ಳಿಯ ಹೆಂಗಸರಿಗೆ ಕಬ್ಬಿಣದ ಕಡಲೆಯಾಗಿತ್ತು. ಅಲ್ಲದೆ, ವೇದಾಂತದ ಪದಗಳನ್ನು ಎರವಲು ತಂದರೆ ಅವುಗಳ ಹಳೆಯ ಅರ್ಥವೂ ಹಿಂದೆಯೇ ಬರುತ್ತದೆಂಬುದು ಸಂಸ್ಕೃತವನ್ನು ಅರೆದು ಕುಡಿದ ರಮಾಬಾಯಿಯವರಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಕನ್ನಡದಲ್ಲಿ ನಾವು ಅದೇ ಗ್ರಂಥವನ್ನು 'ಸತ್ಯವೇದ' ಎಂದು ಸಹಜವಾಗಿ ಕರೆಯುತ್ತೇವೆ; ಆಕೆಗೆ ಇಂಥ ಸಲುಗೆ ಒಪ್ಪಿಗೆಯಾಗುತ್ತಿರಲಿಲ್ಲವೇನೋ. ಐವತ್ತರ ಆಸುಪಾಸಿನಲ್ಲಿ, ಮಂದವಾದ ಕಿವಿಯೊಡನೆ, ಹೀಬ್ರೂ ಮತ್ತು ಗ್ರೀಕ್ ವ್ಯಾಕರಣಗಳನ್ನು ಕೈಗೆತ್ತಿಕೊಂಡು ಅನುವಾದಕ್ಕೆ ಕುಳಿತರು. ಬಿರುದು ತಂದುಕೊಟ್ಟ ಭಾಷೆಯ ಪದಗಳನ್ನು ಒಂದೊಂದಾಗಿ ಬದಿಗಿಟ್ಟು, ಅಡುಗೆಮನೆಯ ಮರಾಠಿಯನ್ನು ಹುಡುಕುವ ಕೆಲಸ ಅದು. ಮೊಳೆ ಜೋಡಿಸುವವರು, ಅಚ್ಚು ಹಾಕುವವರು, ಪುಸ್ತಕ ಕಟ್ಟುವವರು ಎಲ್ಲರೂ ಮುಕ್ತಿಯ ಹೆಣ್ಣುಮಕ್ಕಳು. 1913ರಲ್ಲಿ ಹೊಸ ಒಡಂಬಡಿಕೆ ಹೊರಬಂತು. ಮೂಲಕ್ಕೆ ಅತಿಯಾಗಿ ಅಂಟಿಕೊಂಡ ಅನುವಾದವೆಂದು ಬಲ್ಲವರು ಹೇಳುವುದುಂಟು. ಸಭೆಗಳಲ್ಲಿ ಅದು ವ್ಯಾಪಕವಾಗಿ ನೆಲೆಯೂರಲೂ ಇಲ್ಲ.

ಮನೋರಮಾ ತಾಯಿಯ ಬಲಗೈಯಾಗಿದ್ದರು. 1912ರ ಸುಮಾರಿಗೆ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ, ನಮ್ಮ ಇಂದಿನ ಕಲಬುರಗಿಯಲ್ಲಿ, ತಾಯಿ-ಮಗಳು ಶಾಲೆಯೊಂದನ್ನು ತೆರೆದರು. ಮನೋರಮಾ ಅದರ ಮುಖ್ಯಸ್ಥೆ. ಕೇಡಗಾಂವದಿಂದ ಗುಲ್ಬರ್ಗಕ್ಕೆ ಅದೇ ರೈಲು ಹಳಿ. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟವರ ಮಗಳು ಹೀಗೆ ಕನ್ನಡ ನೆಲಕ್ಕೆ ಇನ್ನೊಂದು ದಿಕ್ಕಿನಿಂದ ಬಂದಿದ್ದಳು. 1921ರ ಜುಲೈಯಲ್ಲಿ, ನಲವತ್ತರ ಪ್ರಾಯದಲ್ಲಿ, ಮನೋರಮಾ ತೀರಿಕೊಂಡರು. ರಮಾಬಾಯಿ ಮಗಳನ್ನು ಮಣ್ಣು ಮಾಡಿ ಮತ್ತೆ ಕರಡುಗಳ ಮುಂದೆ ಕುಳಿತರು. ಹಳೆಯ ಒಡಂಬಡಿಕೆಯ ಕೊನೆಯ ಪುಟಗಳನ್ನು ತಿದ್ದಿ ಮುಗಿಸಿದ್ದೇ ತಡ, 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಹೊರಟುಹೋದರು. ಸಂಪೂರ್ಣ ಗ್ರಂಥ ಮುಕ್ತಿಯ ಅಚ್ಚುಕೂಟದಿಂದ ಹೊರಬಂದದ್ದು 1924ರಲ್ಲಿ.