ಅಂಕಿಗೆ ಮಾತು ಕಲಿಸಿದ ಗ್ರೇಸ್ ಹಾಪರ್

ಕಳೆದ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ನನಗೆ ಸಿಕ್ಕಿದ್ದು ಒಂದೇ ಸಾಲಿನ ಪ್ರಶ್ನೆ. ಯಾವುದೇ ಸಂಖ್ಯೆ ಕೊಟ್ಟರೂ ಅದನ್ನು ಇಂಗ್ಲಿಷ್ ಪದಗಳಲ್ಲಿ ಬರೆದು ತೋರಿಸುವ ಪ್ರೋಗ್ರಾಂ ಬರೆಯಬೇಕು. ಬ್ಯಾಂಕಿನ ಚೆಕ್ಕಿನಲ್ಲಿ 5,340 ಎಂದು ಅಂಕಿಯಲ್ಲಿ ಬರೆದ ಮೇಲೆ ಅಕ್ಷರದಲ್ಲೂ ಬರೆಯುತ್ತೇವಲ್ಲ, ಆ ಕೆಲಸವನ್ನು ಕಂಪ್ಯೂಟರ್ ಮಾಡಬೇಕು.

ಪ್ರಶ್ನೆ ಕಷ್ಟದ್ದೇನಲ್ಲ. ಸೊನ್ನೆಯಿಂದ ಹತ್ತೊಂಬತ್ತರವರೆಗೆ 20 ಪದ. ಇಪ್ಪತ್ತು, ಮೂವತ್ತು ಎಂದು ತೊಂಬತ್ತರವರೆಗೆ 8 ಪದ. ಅದರ ಮೇಲೆ ಹಂಡ್ರೆಡ್, ಥೌಸಂಡ್, ಲ್ಯಾಕ್, ಕ್ರೋರ್. ಸಂಖ್ಯೆಯನ್ನು ಭಾಗಿಸುತ್ತಾ ಹೋಗಿ, ಪಟ್ಟಿಯಿಂದ ಪದ ಎತ್ತಿ ಜೋಡಿಸಿದರೆ ಮುಗಿಯಿತು. ನಾನು ಬರೆದ ಪ್ರೋಗ್ರಾಂ ಓಡಿತು. ಆದರೆ 40 ಬಂದ ಕಡೆಯೆಲ್ಲ ಉತ್ತರ ತಪ್ಪು ಎಂದು ತೋರಿಸಿತು. ಫೋರ್ ಎಂಬ ಪದದಲ್ಲಿ 'ಯು' ಅಕ್ಷರ ಇದೆ, ಫಾರ್ಟಿಯಲ್ಲಿ ಇಲ್ಲ. ನಾನು ಫಾರ್ಟಿಗೂ 'ಯು' ಸೇರಿಸಿದ್ದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಲ್ಲಿ ಕುಳಿತಾಗ ತಪ್ಪು ಎಲ್ಲಿದೆ ಎಂದೇ ಹೊಳೆಯಲಿಲ್ಲ.

ಕೆಲಸ ಸಿಗಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನನ್ನ ತಲೆಯಲ್ಲಿ ಕುಳಿತದ್ದು ಒಂದೇ ಮಾತು: ಕಂಪ್ಯೂಟರಿನ ಭಾಷೆ ಇಂಗ್ಲಿಷ್, ಅದು ನಮ್ಮಂಥವರಿಗಲ್ಲ. ಆ ಬೇಸರದ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಗ್ರೇಸ್ ಹಾಪರ್ ಅವರ ಬದುಕಿನ ಕಥೆ ಓದಿದೆ. ಕಂಪ್ಯೂಟರಿಗೆ ಇಂಗ್ಲಿಷ್ ಪದಗಳಲ್ಲಿ ಆದೇಶ ಕೊಡುವುದನ್ನು ರೂಢಿಗೆ ತಂದವರಲ್ಲಿ ಮೊದಲಿಗರು ಅವರು. ಕಂಪ್ಯೂಟರಿಗೆ ಇಂಗ್ಲಿಷ್ ಬರುವುದೇ ಇಲ್ಲ ಎಂಬುದನ್ನು ತೋರಿಸಿಕೊಟ್ಟವರೂ ಅವರೇ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರಗಳು ಬಿಚ್ಚಿಕೊಂಡು ಬಿದ್ದವು. ತಾಯಿ ಆಟ ನಿಲ್ಲಿಸಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ಬಿಚ್ಚಬಹುದು ಎಂದು ಮಿತಿ ಹಾಕಿದರು.

ಹದಿನಾರನೇ ವಯಸ್ಸಿಗೆ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಫೇಲಾದರು. ಒಂದು ವರ್ಷ ಕಾಯಬೇಕಾಯಿತು. ಮುಂದೆ ಜಗತ್ತಿನ ಕಂಪ್ಯೂಟರ್‌ಗಳಿಗೆ ಭಾಷೆ ರೂಪಿಸಿದವರು ಮೊದಲು ಸೋತಿದ್ದು ಭಾಷೆಯ ಪರೀಕ್ಷೆಯಲ್ಲೇ ಎಂಬುದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಮರುವರ್ಷ ಸೇರಿ, 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಸ್ನಾತಕೋತ್ತರ ಪದವಿ, 1934ರಲ್ಲಿ ಗಣಿತದ ಪಿಎಚ್.ಡಿ. ಅದೇ ಹೊತ್ತಿಗೆ ವಾಸರ್‌ನಲ್ಲಿ ಪಾಠವನ್ನೂ ಹೇಳುತ್ತಿದ್ದರು. 1930ರಲ್ಲಿ ವಿನ್ಸೆಂಟ್ ಹಾಪರ್ ಅವರನ್ನು ಮದುವೆಯಾದರು. ಆ ದಾಂಪತ್ಯ 1945ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. ಹಾಪರ್ ಎಂಬ ಹೆಸರು ಮಾತ್ರ ಕೊನೆವರೆಗೂ ಉಳಿಯಿತು.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಹಾಪರ್ ಅವರಿಗೆ ನೌಕಾಪಡೆ ಸೇರುವ ಆಸೆ. ಆದರೆ ವಯಸ್ಸು ಹೆಚ್ಚಾಗಿತ್ತು. ತೂಕ ನಿಯಮಕ್ಕಿಂತ ಸುಮಾರು 7 ಕಿಲೋ ಕಡಿಮೆಯಿತ್ತು. ಗಣಿತ ಕಲಿಸುವವರು ಕಾಲೇಜಿನಲ್ಲಿದ್ದರೇ ದೇಶಕ್ಕೆ ಉಪಯೋಗ ಎಂಬ ಅಭಿಪ್ರಾಯವೂ ಅಡ್ಡ ಬಂತು. ಅವರು ಬಿಡಲಿಲ್ಲ. ವಿಶೇಷ ವಿನಾಯಿತಿ ಪಡೆದು 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೀಸಲು ದಳ ಸೇರಿದರು. ಮರುವರ್ಷ ತರಬೇತಿಯಲ್ಲಿ ಮೊದಲ ಸ್ಥಾನ ಪಡೆದರು.

ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಹೊವಾರ್ಡ್ ಐಕೆನ್ ಅವರ ಕೈಕೆಳಗೆ 'ಮಾರ್ಕ್ 1' ಎಂಬ ಯಂತ್ರವಿತ್ತು. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಹಾಪರ್ ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಐಕೆನ್ ಅವರು ಸಂಕೇತಗಳ ಪುಸ್ತಕವೊಂದನ್ನು ಕೈಗಿತ್ತು, ಒಂದು ಕಷ್ಟದ ಲೆಕ್ಕ ಕೊಟ್ಟು, ಮುಂದಿನ ವಾರಕ್ಕೆ ಉತ್ತರ ಬೇಕೆಂದರು. ತರಬೇತಿ ಅಷ್ಟೇ! ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಆದೇಶ ಕೊಡಬೇಕಿತ್ತು. ಯಾವ ಸಂಖ್ಯೆ ಎಲ್ಲಿಂದ ತೆಗೆಯಬೇಕು, ಎಲ್ಲಿಡಬೇಕು, ಏನು ಮಾಡಬೇಕು ಎಂಬುದೆಲ್ಲ ರಂಧ್ರಗಳ ಸಂಕೇತದಲ್ಲೇ ಇರಬೇಕು. ಹಾಪರ್ ಅದನ್ನು ಕಲಿತದ್ದಷ್ಟೇ ಅಲ್ಲ, ಮುಂದೆ ಆ ಯಂತ್ರದ 561 ಪುಟಗಳ ಕೈಪಿಡಿ ಬರೆಯುವ ಹೊಣೆಯನ್ನೂ ಹೊತ್ತರು.

ಹಾಪರ್ ಎಂದ ಕೂಡಲೇ ಎಲ್ಲರೂ ಹೇಳುವ ಪತಂಗದ ಕಥೆಯೂ ಹಾರ್ವರ್ಡ್‌ನದೇ. 1947ರಲ್ಲಿ 'ಮಾರ್ಕ್ 2' ಯಂತ್ರ ಕೆಟ್ಟಾಗ ಅದರ ರಿಲೇ ಒಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ತೆಗೆದು, ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆದರೆ ಯಂತ್ರದ ದೋಷಕ್ಕೆ 'ಬಗ್' ಎನ್ನುವುದು ಅದಕ್ಕೂ ಬಹಳ ಹಿಂದಿನಿಂದ ಎಂಜಿನಿಯರುಗಳ ಬಾಯಲ್ಲಿತ್ತು. ಹಾಪರ್ ಆ ಪದ ಹುಟ್ಟುಹಾಕಲಿಲ್ಲ, ಆ ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧಿಗೆ ತಂದರು.

ಲೆಕ್ಕ ತಪ್ಪಿದ ಪಾಸ್‌ಬುಕ್ಕು

ಯುದ್ಧ ಮುಗಿಯಿತು. ಹಾರ್ವರ್ಡ್‌ನ ಹುದ್ದೆಯೂ 1949ರಲ್ಲಿ ಮುಗಿಯಿತು. ವಾಸರ್‌ನ ಅಧ್ಯಾಪಕಿ ಕೆಲಸವನ್ನು ಅವರು ಮೊದಲೇ ಬಿಟ್ಟಿದ್ದರು. ನಲವತ್ತೆರಡರ ವಯಸ್ಸು, ಸಂಸಾರವಿಲ್ಲ, ಖಾಯಂ ನೌಕರಿಯಿಲ್ಲ. ಆ ವರ್ಷಗಳಲ್ಲಿ ಅವರು ಕುಡಿತದ ಚಟಕ್ಕೂ ಸಿಲುಕಿ ನರಳಿದರು ಎಂದು ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಸಾಧಕರ ಕಥೆ ಹೇಳುವಾಗ ಇಂಥದ್ದನ್ನು ಬಿಟ್ಟುಬಿಡುತ್ತೇವೆ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತವರಿಗೆ ಈ ಭಾಗವೂ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ.

ಅದೇ ವರ್ಷ ಅವರು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. 'ಯುನಿವ್ಯಾಕ್' ಎಂಬ ಹೊಸ ಕಂಪ್ಯೂಟರ್ ಕಟ್ಟುತ್ತಿದ್ದ ಚಿಕ್ಕ ಕಂಪನಿ ಅದು. ಅಲ್ಲಿದ್ದ ಇನ್ನೊಂದು ಯಂತ್ರ 'ಬೈನ್ಯಾಕ್'. ಅದಕ್ಕೆ ಪ್ರೋಗ್ರಾಂ ಬರೆಯುವವರು ಎಂಟರ ಎಣಿಕೆಯಲ್ಲಿ ಲೆಕ್ಕ ಮಾಡಬೇಕಿತ್ತು. ಅಲ್ಲಿ 7 ಆದ ಮೇಲೆ ಬರುವುದು 10. ಹಗಲಿಡೀ ಹಾಗೆ ಕೂಡಿ ಕಳೆದು ಹಾಪರ್ ಅವರಿಗೆ ಅದೇ ರೂಢಿಯಾಯಿತು. ಕೆಲವು ತಿಂಗಳ ನಂತರ ನೋಡಿದರೆ ಅವರ ಬ್ಯಾಂಕ್ ಖಾತೆಯ ಲೆಕ್ಕ ಹೊಂದುತ್ತಲೇ ಇಲ್ಲ! ಬ್ಯಾಂಕಿನಲ್ಲಿದ್ದ ತಮ್ಮ ಹಲವು ಸಂಜೆ ಕುಳಿತು ಹುಡುಕಿದ ಮೇಲೆ ಕಾರಣ ಸಿಕ್ಕಿತು. ಅಕ್ಕ ಆಗಾಗ ಎಂಟರ ಎಣಿಕೆಯಲ್ಲಿ ಹಣ ಕಳೆಯುತ್ತಿದ್ದರು.

ಇದನ್ನು ಅವರು ಮುಂದೆ ನಗುತ್ತಲೇ ಹೇಳಿಕೊಳ್ಳುತ್ತಿದ್ದರು. ಆದರೆ ಅದರಿಂದ ಎದ್ದ ಪ್ರಶ್ನೆ ದೊಡ್ಡದು. ಮನುಷ್ಯರೇಕೆ ಯಂತ್ರದ ಎಣಿಕೆ ಕಲಿಯಬೇಕು? ಯಂತ್ರವೇ ಮನುಷ್ಯರ ಕಡೆ ಒಂದು ಹೆಜ್ಜೆ ಬರಬಾರದೇಕೆ?

ಆಗ ಪ್ರೋಗ್ರಾಂ ಬರೆಯುವವರು ಸರಿಯಾಗಿ ಓಡಿದ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರದ್ದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ಅಕ್ಷರ ತಪ್ಪುತ್ತಿತ್ತು. ತುಣುಕು ಹೊಸ ಜಾಗಕ್ಕೆ ಬಂದಾಗ ಅದರೊಳಗಿನ ವಿಳಾಸಗಳಿಗೆ ಸಂಖ್ಯೆ ಕೂಡಿಸಬೇಕು, ಕೂಡಿಸುವಾಗಲೂ ತಪ್ಪು. ನಕಲು ಮಾಡುವುದು, ಕೂಡಿಸುವುದು ಎರಡನ್ನೂ ಯಂತ್ರವೇ ಚೆನ್ನಾಗಿ ಮಾಡುತ್ತದಲ್ಲ! ಹಾಪರ್ ಪ್ರತಿ ತುಣುಕಿಗೂ ಒಂದು ಗುರುತು ಕೊಟ್ಟು ಎಲ್ಲವನ್ನೂ ಟೇಪಿನಲ್ಲಿಟ್ಟರು. ಗುರುತು ಬರೆದರೆ ಸಾಕು, ಕಂಪ್ಯೂಟರ್ ತಾನೇ ಹುಡುಕಿ, ವಿಳಾಸ ಸರಿಮಾಡಿ, ಜೋಡಿಸಿ ಪೂರ್ಣ ಪ್ರೋಗ್ರಾಂ ಮಾಡಿಕೊಡುತ್ತಿತ್ತು. 1952ರ ಹೊತ್ತಿಗೆ ಸಿದ್ಧವಾದ ಇದರ ಹೆಸರು 'ಎ-0'. 'ಕಂಪೈಲರ್' ಎಂಬ ಪದ ಅಂಟಿಕೊಂಡದ್ದು ಇಲ್ಲಿಂದ. ಇಂದಿನ ಕಂಪೈಲರ್‌ಗಳ ಮುಂದೆ ಅದು ತೀರಾ ಸರಳ. ಆದರೂ ಕಂಪ್ಯೂಟರ್ ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ಹಲವರು ಅದನ್ನು ಮುಟ್ಟಲೂ ಇಲ್ಲ.

ಫ್ರೆಂಚ್ ಮಾತಾಡಿದ ಯಂತ್ರ

ಹಾಪರ್ ಇನ್ನೂ ಮುಂದೆ ಯೋಚಿಸಿದರು. ಗಣಿತದವರಿಗೆ ಚಿಹ್ನೆಗಳು ಸಾಕು. ಆದರೆ ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ ನೋಡುವವರಿಗೆ ಪದಗಳು ಬೇಕು. ಕಂಪೇರ್, ಟ್ರಾನ್ಸ್‌ಫರ್ ಎಂಬಂಥ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯುವಂತೆ ಮಾಡೋಣ ಎಂದರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ಉತ್ತರ ಬಂತು.

ಅದಕ್ಕೆ ಅವರು ಕೊಟ್ಟ ವಿವರಣೆ ಸರಳವಾಗಿತ್ತು. ಅರ್ಥವಾಗಬೇಕಿಲ್ಲ. ಯಂತ್ರಕ್ಕೆ ಪದವೆಂದರೆ ಅಕ್ಷರಗಳ ಒಂದು ಸಾಲು. ಈ ಸಾಲು ಬಂದರೆ ಈ ಕೆಲಸ ಎಂದು ಪಟ್ಟಿ ಇದ್ದರೆ ಮುಗಿಯಿತು. ಅದನ್ನು ತೋರಿಸಲು 1955ರ ಆರಂಭದಲ್ಲಿ ಒಂದೇ ಚಿಕ್ಕ ಪ್ರೋಗ್ರಾಮನ್ನು ಇಂಗ್ಲಿಷ್‌ನಲ್ಲಿ ಬರೆದರು. ಬಳಿಕ ಪಟ್ಟಿಯ ಪದಗಳನ್ನಷ್ಟೇ ಬದಲಿಸಿ ಫ್ರೆಂಚ್‌ನಲ್ಲಿ, ಜರ್ಮನ್‌ನಲ್ಲಿ ಬರೆದರು. ಮೂರರಿಂದಲೂ ಯಂತ್ರಕ್ಕೆ ಸಿಗುವ ಆದೇಶ ಒಂದೇ. ಕಂಪನಿಯ ಹಿರಿಯರು ಮೆಚ್ಚುತ್ತಾರೆ ಎಂದುಕೊಂಡಿದ್ದರು. ಆದದ್ದೇ ಬೇರೆ. ಅಮೆರಿಕದಲ್ಲಿ ತಯಾರಾದ ಕಂಪ್ಯೂಟರಿಗೆ ಫ್ರೆಂಚ್, ಜರ್ಮನ್ ಹೇಗೆ ಬಂದೀತು ಎಂದು ಹಿರಿಯರು ಗಾಬರಿಗೊಂಡರು! ಅವರನ್ನು ಸಮಾಧಾನಪಡಿಸಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಳಸುವುದಿಲ್ಲ ಎಂದು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತಂತೆ.

ಈ ಪ್ರಸಂಗ ಓದಿ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕುಳಿತೆ. ಕಂಪ್ಯೂಟರ್ ಇಂಗ್ಲಿಷ್ ಮಾತಾಡುವುದು ಅದರ ಹುಟ್ಟುಗುಣವಲ್ಲ. ಪಟ್ಟಿಯಲ್ಲಿ ಆ ಪದಗಳಿವೆ, ಅಷ್ಟೇ.

ಆ ಕೆಲಸ 'ಫ್ಲೋ-ಮ್ಯಾಟಿಕ್' ಎಂಬ ಭಾಷೆಯಾಯಿತು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಂಪನಿಗಳನ್ನೂ ಬಳಕೆದಾರರನ್ನೂ ಪೆಂಟಗನ್‌ನಲ್ಲಿ ಸೇರಿಸಿ, ಎಲ್ಲ ಕಂಪ್ಯೂಟರ್‌ಗಳಲ್ಲೂ ಓಡುವ ಒಂದು ವ್ಯವಹಾರ ಭಾಷೆಗೆ ನಾಂದಿ ಹಾಡಿತು. ಅದೇ 'ಕೋಬಾಲ್'. ಅದನ್ನು ಬರೆದದ್ದು ಹಾಪರ್ ಒಬ್ಬರೇ ಅಲ್ಲ, ಜೀನ್ ಸ್ಯಾಮೆಟ್ ಮುಂತಾದವರಿದ್ದ ಸಮಿತಿ. ಹಾಪರ್ ಸಲಹೆಗಾರರಾಗಿದ್ದರು. ಆದರೆ ಅದರ ಮುಖ್ಯ ಆಧಾರ ಫ್ಲೋ-ಮ್ಯಾಟಿಕ್. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳಲ್ಲಿ ಓಡಿತು. ಮುಂದೆ ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಿಗೆ ಕೋಬಾಲ್ ಹರಡಿತು. ವರ್ಷಕ್ಕೆ ಎರಡೇ ಅಂಕಿ ಬಳಸಿದ್ದ ಹಳೆಯ ಪ್ರೋಗ್ರಾಂಗಳನ್ನು 2000ನೇ ಇಸವಿಗೆ ಮುನ್ನ ತಿದ್ದಬೇಕಾದಾಗ ಆ ಕೆಲಸ ಬೆಂಗಳೂರಿಗೂ ಬಂತು. ಕೋಬಾಲ್ ಕಲಿತು ಮೊದಲ ನೌಕರಿ ಹಿಡಿದವರು ನಮ್ಮ ಹಿಂದಿನ ಪೀಳಿಗೆಯಲ್ಲಿ ಅನೇಕರಿದ್ದಾರೆ.

ನೌಕಾಪಡೆ 1966ರ ಕೊನೆಗೆ ಹಾಪರ್ ಅವರನ್ನು ನಿವೃತ್ತಿಗೊಳಿಸಿತು. ಮರುವರ್ಷವೇ ಕೋಬಾಲ್ ಕೆಲಸಕ್ಕೆ ಆರು ತಿಂಗಳ ಮಟ್ಟಿಗೆ ಎಂದು ವಾಪಸ್ ಕರೆಯಿತು. ಆ ಆರು ತಿಂಗಳು ಹೆಚ್ಚುಕಡಿಮೆ 19 ವರ್ಷವಾಯಿತು. ಉಪನ್ಯಾಸಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು ಎಂದು ಕಣ್ಣಿಗೆ ಕಾಣಿಸಲು. ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರ ಇಟ್ಟಿದ್ದರು. ಮೊದಲಿನಿಂದ ಹೀಗೇ ಇದೆ ಎನ್ನುವವರಿಗೆ ಅದೇ ಉತ್ತರ. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಅಮೆರಿಕದ ಒಂದು ಯುದ್ಧನೌಕೆಗೆ ಅವರ ಹೆಸರಿದೆ.

ಪುಸ್ತಕ ಮುಗಿದ ರಾತ್ರಿ ನನ್ನ ಹಳೆಯ ಪ್ರೋಗ್ರಾಂ ತೆರೆದೆ. ಫಾರ್ಟಿಯ 'ಯು' ತೆಗೆದೆ. ಆಮೇಲೆ ಪಟ್ಟಿಯ ಇಂಗ್ಲಿಷ್ ಪದಗಳ ಜಾಗದಲ್ಲಿ ಕನ್ನಡ ಪದಗಳನ್ನಿಟ್ಟೆ. 26 ಕೊಟ್ಟರೆ 'ಇಪ್ಪತ್ತು ಆರು' ಎಂದು ಬಂತು. ಪಟ್ಟಿ ಬದಲಿಸಿದರಷ್ಟೇ ಸಾಲದು, ಕನ್ನಡದಲ್ಲಿ ಪದಗಳು ಕೂಡಿಕೊಳ್ಳುತ್ತವೆ. ಇಪ್ಪತ್ತು ಮತ್ತು ಆರು ಸೇರಿ ಇಪ್ಪತ್ತಾರು. ಹೈಸ್ಕೂಲಿನಲ್ಲಿ ಕಲಿತ ಲೋಪಸಂಧಿ! ಕೊನೆಯ ಉಕಾರ ತೆಗೆದು ಮುಂದಿನ ಸ್ವರ ಜೋಡಿಸುವ ನಿಯಮ ಬರೆದೆ. ಮೂರು, ನಾಲ್ಕು ವ್ಯಂಜನದಿಂದ ಶುರುವಾಗುವುದರಿಂದ ಅವಕ್ಕೆ ಬೇರೆ ನಿಯಮ ಬೇಕಾಯಿತು. ನೂರು 'ನೂರಾ' ಆಗುವುದನ್ನು, ಸಾವಿರ 'ಸಾವಿರದ' ಆಗುವುದನ್ನು ಸೇರಿಸಿದೆ. ಇಂಗ್ಲಿಷ್ ಪ್ರೋಗ್ರಾಮಿಗಿಂತ ಇದು ಕಷ್ಟವಾಗಿತ್ತು, ಮೂರು ರಾತ್ರಿ ಹಿಡಿಯಿತು. ಆದರೆ ಅದಕ್ಕೆ ಬೇಕಾದ ವ್ಯಾಕರಣವೆಲ್ಲ ನನ್ನ ಕನ್ನಡ ಮೇಷ್ಟ್ರು ಎಂದೋ ಕಲಿಸಿಯಾಗಿತ್ತು.

ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ. ಇಂಗ್ಲಿಷ್ ಕಾಗುಣಿತ ದಿನಾ ಅಭ್ಯಾಸ ಮಾಡುತ್ತಿದ್ದೇನೆ, ಅದು ಬೇಕೇ ಬೇಕು. ಈ ಸಲ ಎರಡೂ ಪ್ರೋಗ್ರಾಂಗಳನ್ನು ಜೊತೆಗೆ ಒಯ್ಯುತ್ತೇನೆ.