ಮಲಾರ ಹೊತ್ತ ಹಾಡುಗಾರ

ಕೈವಾರದ ತಾತಯ್ಯನವರ ಹೆಸರನ್ನು ಕೇಳುತ್ತಲೇ ಬೆಳೆದ ನಾನು, ಬಹುಕಾಲ ಅವರನ್ನು ಮುಂದಾಗುವುದನ್ನು ನುಡಿದ ಕಾಲಜ್ಞಾನಿಯೆಂದು ಮಾತ್ರ ತಿಳಿದಿದ್ದೆನು. ಅವರು ಮೊದಲು ಹಾಡುಗಾರರು, ಮಿಕ್ಕುದೆಲ್ಲ ಆಮೇಲಿನದು ಎಂಬುದು ನನಗೆ ಹೊಳೆದದ್ದು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಅಕ್ಷರ ಬಾರದ ಮುದುಕರು ಇರುಳೆಲ್ಲ ಅವರ ಪದಗಳನ್ನು ತಾಳ ತಪ್ಪದೆ ಹಾಡುತ್ತಿದ್ದರು.

ಸಂಪ್ರದಾಯವು ನಾರೇಯಣರ ಜನನವನ್ನು 1726ಕ್ಕೂ ನಿರ್ಯಾಣವನ್ನು 1836ಕ್ಕೂ ಇಟ್ಟಿದೆ; ಎಂದರೆ 110 ವರ್ಷಗಳ ಬಾಳು. ಊರು ಚಿಂತಾಮಣಿ ತಾಲ್ಲೂಕಿನ ಕೈವಾರ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಸ್ಥಳಪುರಾಣ. ಮನೆತನದ ಕಸುಬು ಬಳೆಯ ವ್ಯಾಪಾರ. ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದವರಿಗೆ ಊರ ದೇವರಾದ ಅಮರನಾರಾಯಣನ ಮೇಲೆ ಪದ ಕಟ್ಟುವ ಗೀಳು. ಹಾಡಿನಲ್ಲಿ ಮೈಮರೆತವನಿಗೆ ಲೆಕ್ಕ ನೆನಪಿರುವುದೆಲ್ಲಿ? ವ್ಯಾಪಾರ ಕೆಟ್ಟಿತು, ಬಡತನ ಕಾಲು ಚಾಚಿತು, ಮಡದಿಯ ಮಾತು ಬಿರುಸಾಯಿತು. ಆಕೆಯನ್ನು ಗಯ್ಯಾಳಿಯೆಂದು ಚಿತ್ರಿಸುವ ಕಥೆಗಾರರುಂಟು. ನನಗೆ ಹಾಗೆ ತೋರುವುದಿಲ್ಲ. ಮಕ್ಕಳಿಗೆ ಗಂಜಿ ಕಾಯಿಸಬೇಕಾಗಿದ್ದವಳು ಆಕೆ; ಹಾಡಿನ ಬೆಲೆಯನ್ನು ಮೊದಲು ತೆತ್ತವಳೂ ಆಕೆಯೇ.

ನಡುವಯಸ್ಸಿನಲ್ಲಿ ಮನೆ ಬಿಟ್ಟವರಿಗೆ ಪರದೇಶಿ ಸ್ವಾಮಿಯೆಂಬ ಗುರು ದೊರೆತನು. ಗುರುವು ಬೆಣಚುಕಲ್ಲನ್ನು ಬಾಯಲ್ಲಿರಿಸಿ, ಅದು ಸಕ್ಕರೆಯಾಗುವವರೆಗೂ ನಾರಾಯಣ ಮಂತ್ರವನ್ನು ಜಪಿಸೆಂದನಂತೆ. ಶಿಷ್ಯರು ಬೆಟ್ಟದ ಗವಿಯಲ್ಲಿ ಕುಳಿತು ಹಾಗೆಯೇ ಮಾಡಿದರಂತೆ. ಈ ಪವಾಡವನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಒರಟು ಮಾತನ್ನು ಬಾಯಲ್ಲಿಟ್ಟುಕೊಂಡು ಸವಿಯಾಗುವ ತನಕ ಹೊರಳಿಸುವುದು ಹಾಡುಗಾರನ ಕೆಲಸವೇ ಎಂಬುದನ್ನು ಮಾತ್ರ ನಾನು ಬಲ್ಲೆನು.

ಅವರ ಕಾಲವೂ ಮೃದುವಾದುದಲ್ಲ. ಅವರು ಹುಟ್ಟಿದಾಗ ಚಿಕ್ಕಬಳ್ಳಾಪುರದಲ್ಲಿ ಪಾಳೆಯಗಾರರಿದ್ದರು. 1762ರ ಸುಮಾರಿಗೆ ಅದು ಹೈದರಾಲಿಯ ವಶವಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಮಡಿದನು. 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಸೇರಿತು. ಇಷ್ಟೊಂದು ದೊರೆತನಗಳು ಬಂದು ಹೋದುದನ್ನು ಕಂಡ ಕಣ್ಣಿಗೆ ಯಾವ ಸಿಂಹಾಸನ ತಾನೆ ಸ್ಥಿರವೆಂದು ತೋರೀತು? ಕಾಲಜ್ಞಾನದ ಬೇರು ಇಲ್ಲಿದೆಯೆಂದು ನನ್ನ ಭಾವನೆ.

ಇನ್ನೊಂದು ಮಾತು, ಮುಖ್ಯವಾಗಿ ಅಧ್ಯಾಪಕರಿಗೆ. ನಾರೇಯಣರು ಕನ್ನಡದಲ್ಲಿಯೂ ಹಾಡಿದರು. ಆದರೆ ಅವರ ಪದಗಳಲ್ಲಿ ಹೆಚ್ಚಿನವು ತೆಲುಗಿನವು. ಗೌರಿಬಿದನೂರು, ಚಿಂತಾಮಣಿಗಳ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಕನ್ನಡ ಲಿಪಿಯಲ್ಲಿ ಅಚ್ಚಾದ ತೆಲುಗು ಪದಗಳನ್ನು ಭಜನೆಯವರು ನಿಸ್ಸಂಕೋಚವಾಗಿ ಹಾಡುತ್ತಾರೆ. ವಿದ್ವಾಂಸರಿಗೆ ಮಾತ್ರ ಇದು ತೊಡಕಾಯಿತು. ನಾನು ವಿದ್ಯಾರ್ಥಿಯಾಗಿದ್ದಾಗ ದೂರದೂರುಗಳ ದಾಸರನ್ನೂ ಶರಣರನ್ನೂ ಓದಿದೆನು. ನಮ್ಮ ತಾಲ್ಲೂಕಿನ ಈ ಕವಿಯ ಒಂದು ಪದವನ್ನೂ ತರಗತಿಯಲ್ಲಿ ಕೇಳಲಿಲ್ಲ. ಎರಡು ಭಾಷೆಗಳಿಗೆ ಸೇರಿದವರು ಎರಡು ಸಾಹಿತ್ಯಚರಿತ್ರೆಗಳ ನಡುವಣ ಸಂದಿಯಲ್ಲಿ ಜಾರಿಹೋಗುವುದು ನ್ಯಾಯವೇ? ಆ ಹಾಡುಗಳನ್ನು ಬಾಯಿಪಾಠದಲ್ಲಿ ಉಳಿಸಿದವರು ಹಳ್ಳಿಗರು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾಗಿ, ಅಜ್ಜನ ಹಾಡಿನ ಅರ್ಥ ತಿಳಿಯದೆ ಹೋದರೆ, ನಷ್ಟ ತೆಲುಗಿಗಲ್ಲ, ನಮಗೆ.

ಗುರುಪೂರ್ಣಿಮೆಯ ವೇಳೆಗೆ ಕೈವಾರದಲ್ಲಿ 72 ಗಂಟೆಗಳ ಕಾಲ ಎಡೆಬಿಡದೆ ಸಂಗೀತೋತ್ಸವ ನಡೆಯುತ್ತದೆ. ಕಛೇರಿಯ ವಿದ್ವಾಂಸರೂ ನಾಗಸ್ವರದವರೂ ಹಳ್ಳಿಯ ಭಜನೆಯ ತಂಡಗಳೂ ಅಲ್ಲಿ ಸೇರುತ್ತಾರೆ. ಬಳೆಯ ಲೆಕ್ಕದಲ್ಲಿ ಸೋತವರು ಬಿಟ್ಟುಹೋದ ಗಳಿಕೆ ಅದು. ಅದನ್ನು ಕೇಳಲು ಹೋಗುವ ವಿದ್ಯಾರ್ಥಿಗಳು ಒಂದು ಪದದ ಅರ್ಥವನ್ನಾದರೂ ಪಕ್ಕದಲ್ಲಿ ಕುಳಿತ ಹಿರಿಯರಿಂದ ಕೇಳಿ ತಿಳಿದು ಬರಲಿ.